ಲೈಸೆನ್ಸ್ ಬಂದ ಮೇಲಿನ ಖರ್ಚು

ಮಗನನ್ನೋ ಮಗಳನ್ನೋ ಪೈಲಟ್ ಮಾಡಲು ಎಷ್ಟು ದುಡ್ಡು ಬೇಕು ಎಂದು ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯಿಂದ ತಂದೆತಾಯಂದಿರು ನನಗೆ ಫೋನ್ ಮಾಡುತ್ತಾರೆ. ತರಬೇತಿ ಶಾಲೆಯ ಫೀಸು ಅವರಿಗೆ ಆಗಲೇ ಗೊತ್ತಿರುತ್ತದೆ. 200 ಗಂಟೆ ಹಾರಾಟ, ಹಾಸ್ಟೆಲ್ಲು, ಪರೀಕ್ಷೆ ಎಲ್ಲ ಸೇರಿ ಇವತ್ತಿಗೆ 50 ಲಕ್ಷದ ಆಸುಪಾಸು. ನಾನು ಹೇಳುವ ಲೆಕ್ಕ ಶುರುವಾಗುವುದು ಅಲ್ಲಿಂದಾಚೆಗೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದ ದಿನದಿಂದ ಮೊದಲ ಪೂರ್ತಿ ಸಂಬಳ ಖಾತೆಗೆ ಬೀಳುವ ದಿನದವರೆಗೆ ಊಟ ನಡೆಯಬೇಕು, ರೂಮಿನ ಬಾಡಿಗೆ ಕಟ್ಟಬೇಕು, ಸಾಲದ ಬಡ್ಡಿ ಹೊರಬೇಕು. ಈ ದುಡ್ಡನ್ನು ಯಾವ ಶಾಲೆಯೂ ಫೀಸಿನ ಪಟ್ಟಿಯಲ್ಲಿ ಬರೆದುಕೊಡುವುದಿಲ್ಲ. ನಮ್ಮಂಥ ಮನೆಗಳು ಮುಗ್ಗರಿಸುವುದು ಇಲ್ಲೇ.

ನನ್ನೂರು ಕೊಡಿಗೇನಹಳ್ಳಿ. ಅಪ್ಪನದು ಕಡಲೆಕಾಯಿ, ಹುಣಸೆಹಣ್ಣಿನ ವ್ಯಾಪಾರ. ಹಿಂದೂಪುರದ ಮಂಡಿಗೆ ಮಾಲು ಹಾಕುತ್ತಿದ್ದರು. ನನಗೆ ಲೈಸೆನ್ಸ್ ಬಂದದ್ದು 2019ರಲ್ಲಿ. ಆ ವರ್ಷ ಏಪ್ರಿಲ್ 17ರ ರಾತ್ರಿ ಜೆಟ್ ಏರ್‌ವೇಸ್‌ನ ಕೊನೆಯ ವಿಮಾನ ಹಾರಿತ್ತು. ಸಾವಿರಾರು ಗಂಟೆ ಹಾರಿಸಿದ ಪೈಲಟ್‌ಗಳೇ ಕೆಲಸ ಹುಡುಕಿಕೊಂಡು ಬೀದಿಗೆ ಬಂದಿದ್ದರು. ಅವರ ಹಿಂದೆ ಸಾಲಿನಲ್ಲಿ ನಿಂತವರು ನಾವು, 200 ಗಂಟೆಯವರು. ಮರುವರ್ಷ ಮಾರ್ಚ್ 25ಕ್ಕೆ ದೇಶದೊಳಗಿನ ವಿಮಾನ ಸಂಚಾರ ಪೂರ್ತಿ ನಿಂತಿತು. ಮೇ 25ಕ್ಕೆ ಮತ್ತೆ ಶುರುವಾದರೂ ಕಂಪನಿಗಳು ಇದ್ದವರ ಸಂಬಳಕ್ಕೇ ಕತ್ತರಿ ಹಾಕುತ್ತಿದ್ದವು. ನನಗೆ ಏರ್‌ಲೈನ್ ಕೆಲಸ ಸಿಕ್ಕಿದ್ದು 2022ರ ಕೊನೆಗೆ.

ಅಷ್ಟು ದಿನ ನಾವು ತಡೆದುಕೊಂಡದ್ದು ಅಪ್ಪನಿಂದ. ಸಾಲಕ್ಕೆ ಸಹಿ ಹಾಕುವ ಮೊದಲೇ ಅವರು ಒಂದು ಮಾತು ಕೇಳಿದ್ದರು: "ಓದು ಮುಗೀತಿದ್ದಂಗೆ ಕೆಲ್ಸ ಕೊಡ್ತೀವಿ ಅಂತ ಯಾರಾದ್ರೂ ಬರ್ಕೊಟ್ಟವ್ರಾ?" ಯಾರೂ ಬರೆದುಕೊಟ್ಟಿರಲಿಲ್ಲ. ಹಾಗಾಗಿ ಎರಡು ವರ್ಷದ ಬಡ್ಡಿಗಾಗುವಷ್ಟು ದುಡ್ಡನ್ನು ಬೇರೆ ಎತ್ತಿಟ್ಟು ಅಂಚೆ ಕಚೇರಿಯಲ್ಲಿ ಠೇವಣಿ ಮಾಡಿದರು. ಅಮ್ಮನ ಒಡವೆ ಮುಟ್ಟಲಿಲ್ಲ. ಆ ಠೇವಣಿ ಇಲ್ಲದಿದ್ದರೆ ನಾನು ಇವತ್ತು ಈ ಅಂಕಣ ಬರೆಯುತ್ತಿರಲಿಲ್ಲ.

ಸಾಲದ ಕತೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ರೈತರ ಮನೆಗಳಿಗೆ ಇದು ಗೊತ್ತಿರುವುದಿಲ್ಲ. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಬ್ಯಾಂಕು ಆಸ್ತಿಯ ಜಾಮೀನು ಕೇಳುತ್ತದೆ. ನಮ್ಮ ಹತ್ತಿರ ಹೊಲ ಇತ್ತು. ಪಹಣಿ ಹಿಡಿದು ಹೋದೆವು. ಮ್ಯಾನೇಜರ್ ಒಳ್ಳೆಯವರು, ನೇರವಾಗಿ ಹೇಳಿದರು: "ಯಜಮಾನ್ರೇ, ಪಹಣಿ ಇಟ್ಕೊಂಡು ನಾವೇನೂ ಮಾಡಕ್ಕಾಗಲ್ಲ. ಮನೆದೋ ಸೈಟಿಂದೋ ಖಾತೆ ಇದ್ರೆ ತನ್ನಿ." ಸಾಲ ಮರಳದಿದ್ದಾಗ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವುದು 2002ರ ಸರ್ಫೇಸಿ ಕಾಯ್ದೆ. ಕೃಷಿ ಭೂಮಿ ಅದರಿಂದ ಹೊರಗಿದೆ. ರೈತನನ್ನು ಕಾಪಾಡಲು ಇಟ್ಟ ನಿಯಮ ಅದು, ಇರಬೇಕಾದ ನಿಯಮವೇ. ಆದರೆ ಅದೇ ಕಾರಣಕ್ಕೆ ಹತ್ತು ಎಕರೆ ಇದ್ದವನಿಗೂ ದೊಡ್ಡ ಶಿಕ್ಷಣ ಸಾಲ ಹುಟ್ಟುವುದು ಕಷ್ಟ. ಕೊನೆಗೆ ಚಿಕ್ಕಪ್ಪ ತುಮಕೂರಿನಲ್ಲಿ ಮಗಳ ಹೆಸರಲ್ಲಿ ಮನೆ ಕಟ್ಟಬೇಕೆಂದು ಇಟ್ಟಿದ್ದ ಸೈಟನ್ನು ಅಡಮಾನಕ್ಕೆ ಕೊಟ್ಟರು. ಅಲ್ಲಿಂದ ಮುಂದೆ ನನಗೆ ಕೆಲಸ ಸಿಗದ ಒಂದೊಂದು ತಿಂಗಳೂ ಅವರ ಮನೆಗೂ ಭಾರವಾಯಿತು. ಸೈಟಿನ ಮಾತನ್ನು ಚಿಕ್ಕಮ್ಮ ಒಮ್ಮೆಯೂ ಎತ್ತಲಿಲ್ಲ. ಎತ್ತಲಿಲ್ಲವೆಂದೇ ನನಗೆ ನಿದ್ದೆ ಬರುತ್ತಿರಲಿಲ್ಲ.

ಈಗ ಲೆಕ್ಕ ನೋಡಿ. 50 ಲಕ್ಷಕ್ಕೆ ಶೇ 10ರ ಬಡ್ಡಿ ಎಂದರೆ ವರ್ಷಕ್ಕೆ 5 ಲಕ್ಷ, ದಿನಕ್ಕೆ 1,370 ರೂಪಾಯಿ. ಪಾವಗಡದ ತಿರುಮಣಿ ಸುತ್ತ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ರೈತರಿಗೆ ಶುರುವಿನಲ್ಲಿ ಗೊತ್ತುಮಾಡಿದ ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಆ ದರದಲ್ಲಿ ಈ ಬಡ್ಡಿಯೊಂದನ್ನೇ ಕಟ್ಟಲು ಹೆಚ್ಚುಕಡಿಮೆ 24 ಎಕರೆಯ ಗುತ್ತಿಗೆ ಹೋಗುತ್ತದೆ. ಕೋರ್ಸಿನ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕು ಹೇಳುತ್ತದೆ, ನಿಜ. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ. 2020ರಲ್ಲಿ ರಿಸರ್ವ್ ಬ್ಯಾಂಕ್ ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಾಗಲೂ ಅಷ್ಟೇ, ಬಡ್ಡಿ ಓಡುತ್ತಲೇ ಇತ್ತು. 50 ಲಕ್ಷದ ಸಾಲಕ್ಕೆ 15 ವರ್ಷದ ಕಂತು ತಿಂಗಳಿಗೆ 53,700ರ ಹತ್ತಿರ. ಎರಡು ವರ್ಷದ ಬಡ್ಡಿ ಅಸಲಿಗೆ ಸೇರಿ 60 ಲಕ್ಷವಾದರೆ ಅದೇ ಕಂತು 64,500ರ ಹತ್ತಿರ ಬರುತ್ತದೆ. ಮೊದಲ ತಿಂಗಳಿಂದಲೇ ಬಡ್ಡಿ ಮಾತ್ರ ಕಟ್ಟುತ್ತಾ ಬಂದರೆ ಅಸಲು ಬೆಳೆಯುವುದಿಲ್ಲ. ಹಾಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ದರದಲ್ಲಿ ಶೇ 1ರವರೆಗೆ ಬಿಡುತ್ತವೆ. ಸಾಲ ಮಂಜೂರಾಗುವ ಮುಂಚೆಯೇ ಇದನ್ನು ಕೇಳಿ ಬರೆಸಿಕೊಳ್ಳಿ.

ಬಡ್ಡಿಯ ಜೊತೆಗೆ ಲೈಸೆನ್ಸನ್ನು ಜೀವಂತ ಇಡುವ ಖರ್ಚು ಇದೆ. ಕ್ಲಾಸ್ 1 ಮೆಡಿಕಲ್ ತಪಾಸಣೆ ವರ್ಷಕ್ಕೊಮ್ಮೆ ಆಗಬೇಕು. ಮೋಡದೊಳಗೆ ಉಪಕರಣ ನೋಡಿಕೊಂಡು ಹಾರಿಸಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಯೂ ವರ್ಷಕ್ಕೊಮ್ಮೆ. ಅದಕ್ಕೆ ವಿಮಾನ ಬಾಡಿಗೆಗೆ ಹಿಡಿಯಬೇಕು, ಎರಡು ಇಂಜಿನ್‌ನದಾದರೆ ಗಂಟೆಗೆ ಹತ್ತಾರು ಸಾವಿರ. ಬೆಂಗಳೂರಿನ ರೂಮು, ಊಟ, ಓಡಾಟ ಸೇರಿಸಿದರೆ ಕೆಲಸವಿಲ್ಲದ ಒಂದು ವರ್ಷ 8 ಲಕ್ಷಕ್ಕಿಂತ ಕಡಿಮೆಯಲ್ಲಿ ಮುಗಿಯದು. ಇದು ನನ್ನ ಅಂದಾಜು, ನನ್ನ ಪಾಸ್‌ಬುಕ್ಕು ನೋಡಿಕೊಂಡೇ ಹೇಳುತ್ತಿದ್ದೇನೆ.

ಹಾಗಾದರೆ ಕಾಯುವಾಗ ಏನು ಮಾಡಬೇಕು? ನನ್ನ ಉತ್ತರ ಒಂದೇ: ವಿಮಾನದ ಹತ್ತಿರವೇ ಇರಬೇಕು, ಸಂಬಳ ಎಷ್ಟೇ ಕಡಿಮೆ ಇರಲಿ. ನಾನು ಮೊದಲು ಬೆಂಗಳೂರಿನಲ್ಲಿ ಹುಡುಗರಿಗೆ ಮೆಟಿಯರಾಲಜಿ, ನ್ಯಾವಿಗೇಶನ್ ಪಾಠ ಹೇಳಿದೆ. ಆ ದುಡ್ಡು ಬಾಡಿಗೆಗೂ ಊಟಕ್ಕೂ ಆಗುತ್ತಿತ್ತು, ಅಷ್ಟೇ. ಆದರೆ ಪಾಠ ಮಾಡುತ್ತಾ ಮಾಡುತ್ತಾ ನನ್ನ ಓದು ಹರಿತವಾಯಿತು. ಆಮೇಲೆ ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಕೊಂಡೆ. ಅಲ್ಲಿಯವರೆಗೆ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಹಾರುತ್ತಿದ್ದವನಿಗೆ ಹಾರಾಟದ ಗಂಟೆಗಳೂ ಕೂಡಿದವು, ಸಣ್ಣದಾದರೂ ಸಂಬಳವೂ ಬಂತು. ನನ್ನ ಜೊತೆಯವನೊಬ್ಬ ಏರ್‌ಲೈನ್ ಒಂದರ ಆಪರೇಷನ್ಸ್ ವಿಭಾಗ ಸೇರಿ ಹಾರಾಟದ ಯೋಜನೆ ಸಿದ್ಧಪಡಿಸುವ ಡಿಸ್ಪ್ಯಾಚರ್ ಆದ. ಇನ್ನೊಬ್ಬಳು ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಚಾರ್ಟರ್ ಕಂಪನಿಯೊಂದರ ಕೆಲಸ ಹಿಡಿದು, ವರ್ಷ ಕಳೆದ ಮೇಲೆ ಅದೇ ಕಂಪನಿಯ ಸಣ್ಣ ವಿಮಾನದಲ್ಲಿ ಬಲಗಡೆಯ ಸಹ ಪೈಲಟ್ ಸೀಟಿಗೆ ಬಂದಳು. ಬೇರೆ ಕೆಲಸಕ್ಕೆ ಹೋದವರೂ ಇದ್ದಾರೆ, ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಮನೆಯ ಪರಿಸ್ಥಿತಿ ಅವರವರಿಗೆ ಗೊತ್ತು. ಆದರೆ ವರ್ಷಗಟ್ಟಲೆ ಕಾಕ್‌ಪಿಟ್‌ನಿಂದ ದೂರವಿದ್ದವರಿಗೆ ಮರಳಿ ಬರುವ ಖರ್ಚು ಬಹಳ ಜಾಸ್ತಿ ಬಂತು.

ಲಾಗ್‌ಬುಕ್ಕಿನ ಬಗ್ಗೆ ಒಂದು ಮಾತು. ಇಂಟರ್‌ವ್ಯೂನಲ್ಲಿ ಒಬ್ಬ ಹಿರಿಯ ಕ್ಯಾಪ್ಟನ್ ನನ್ನ ಲಾಗ್‌ಬುಕ್ಕಿನ ನಡುವಿನ ಪುಟ ತೆರೆದು, 300 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿ ಹಾರಾಟದ ಸಾಲಿನ ಮೇಲೆ ಬೆರಳಿಟ್ಟು, ಅವತ್ತು ಇಳಿಯುವಾಗ ಗಾಳಿ ಯಾವ ಕಡೆಯಿಂದ ಇತ್ತು, ಎಷ್ಟು ಇಂಧನ ಉಳಿದಿತ್ತು ಎಂದು ಕೇಳಿದರು. ಹಾರಿದವನಿಗೆ ನೆನಪಿರುತ್ತದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳ ಬಂಧನವಾದ ಸುದ್ದಿ ಹಲವರಿಗೆ ನೆನಪಿರಬಹುದು. ಹಾಗೆಯೇ ಕಡಿಮೆ ದುಡ್ಡಿಗೆ ಕಾಗದದ ಮೇಲೆ ಗಂಟೆ ತುಂಬಿಸಿಕೊಡುತ್ತೇವೆ ಎನ್ನುವವರು ಸಿಕ್ಕರೆ ಅವರ ನೆರಳಿಗೂ ಹೋಗಬೇಡಿ. ಪೈಲಟ್‌ನ ಬೆನ್ನ ಹಿಂದೆ ನೂರೆಂಬತ್ತು ಜನ ಕೂತಿರುತ್ತಾರೆ.

ಕೆಲಸ ಕೊಡಿಸುವ ಏಜೆಂಟರೂ ಬರುತ್ತಾರೆ. ನಮ್ಮ ಹತ್ತಿರವೂ ಒಬ್ಬರು ಬಂದಿದ್ದರು. ಮೆಜೆಸ್ಟಿಕ್ ಹತ್ತಿರದ ಹೋಟೆಲಿನಲ್ಲಿ ಕೂತು, ಸಿಮ್ಯುಲೇಟರ್ ಪರೀಕ್ಷೆ ಪಾಸು ಮಾಡಿಸಿ ಸೀಟು ಕೊಡಿಸುವುದಾಗಿ ಹೇಳಿ, ಮುಂಗಡ ಕೇಳಿದರು. ಅಪ್ಪ ಕಾಫಿ ಕುಡಿದು ಮುಗಿಸಿ, "ದುಡ್ಡಿಗೆ ರಸೀತಿ ಕೊಡ್ತೀರಾ ಸಾರ್?" ಎಂದರು. ಮಾತು ಅಲ್ಲಿಗೇ ನಿಂತಿತು.

ಪೇಪರಿನಲ್ಲಿ ಬರುವ ಸುದ್ದಿಯನ್ನು ಹೇಗೆ ಓದಬೇಕು ಎಂಬುದೂ ದುಡ್ಡಿನ ವಿಷಯವೇ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ, ಜೂನ್‌ನಲ್ಲಿ ಇಂಡಿಗೊ 500 ವಿಮಾನಕ್ಕೆ ಆರ್ಡರ್ ಕೊಟ್ಟವು. ಪೈಲಟ್‌ಗಳಿಗೆ ಭಾರೀ ಬೇಡಿಕೆ ಎಂದು ಎಲ್ಲರೂ ಬರೆದರು. ಅದೇ ವರ್ಷ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 1,622 ಹೊಸ ಕಮರ್ಷಿಯಲ್ ಲೈಸೆನ್ಸ್ ಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ನಿಂತು ಎ320 ಹಾರಿಸಿ ಪಳಗಿದವರು ಹೊರಬಂದರು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮದಿಂದಾಗಿ ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಿದಾಗ, "ಈಗ ನಿನ್ನ ತಮ್ಮನಿಗೂ ಕೊಡಿಸಬಹುದಲ್ಲಪ್ಪ" ಎಂದು ಊರಿನಲ್ಲಿ ಕೇಳಿದವರಿದ್ದಾರೆ. ಅಂಥ ಹೊತ್ತಿನಲ್ಲಿ ತಕ್ಷಣಕ್ಕೆ ಬೇಕಾಗುವುದು ಕ್ಯಾಪ್ಟನ್‌ಗಳು ಮತ್ತು ಆ ವಿಮಾನದಲ್ಲಿ ಆಗಲೇ ತರಬೇತಾದ ಸಹ ಪೈಲಟ್‌ಗಳು. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸಿಗೆ 1,500 ಗಂಟೆ ಬೇಕು. 200 ಗಂಟೆಯವನನ್ನು ತೆಗೆದುಕೊಂಡರೆ ಅವನಿಗೆ ಸಿಮ್ಯುಲೇಟರ್ ಬೇಕು, ಪಕ್ಕದಲ್ಲಿ ಕೂತು ಕಲಿಸುವ ಟ್ರೈನರ್ ಬೇಕು. ಇವೆರಡೂ ಎಷ್ಟಿವೆಯೋ ಅಷ್ಟು ಜನರನ್ನು ಮಾತ್ರ ಒಳಗೆ ಬಿಡುತ್ತಾರೆ, ಎಷ್ಟೇ ವಿಮಾನ ಬರಲಿ.

ಆದ್ದರಿಂದಲೇ ಕೈಯಲ್ಲಿ ಆಫರ್ ಇಲ್ಲದೆ ಇನ್ನೂ ಹತ್ತಾರು ಲಕ್ಷ ಸಾಲ ಮಾಡಿ ಎ320ಯದೋ ಬೋಯಿಂಗ್ 737ರದೋ ಟೈಪ್ ರೇಟಿಂಗ್ (ಆ ಬಗೆಯ ವಿಮಾನ ಹಾರಿಸುವ ಅರ್ಹತೆ) ಮಾಡಿಸಿಕೊಳ್ಳಬೇಡಿ ಎಂದು ನಾನು ಹೇಳುವುದು. ಯಾವ ವಿಮಾನದ ಕಂಪನಿ ನಾಳೆ ಕರೆಯುತ್ತದೋ ಗೊತ್ತಿಲ್ಲ, ಬಳಸದೆ ಬಿಟ್ಟ ರೇಟಿಂಗ್ ಹಳಸುತ್ತದೆ, ಮತ್ತೆ ಸಿಮ್ಯುಲೇಟರಿಗೆ ದುಡ್ಡು ಸುರಿಯಬೇಕು. ಹೀಗೆ ಮಾಡಿ ಬೇಗ ಕೆಲಸ ಹಿಡಿದವರೂ ಇದ್ದಾರೆ. ಅವರ ಹಿಂದೆ ಗಟ್ಟಿ ಮನೆತನದ ದುಡ್ಡಿತ್ತು. ಬೇರೆಯವರ ಸೈಟು ಅಡವಿಟ್ಟವನು ಆಡುವ ಆಟ ಅದಲ್ಲ. ಅದರ ಬದಲು ಎಟಿಆರ್‌ನಂಥ ಸಣ್ಣ ವಿಮಾನಗಳ ಕಂಪನಿಗಳಿಗೂ ಅರ್ಜಿ ಹಾಕಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದು ಎಟಿಆರ್‌ಗಳಿಂದಲೇ. ನನಗೂ ಮೊದಲು ಬಾಗಿಲು ತೆರೆದದ್ದು ಎಟಿಆರ್ 72. ಜೆಟ್ ಬಿಟ್ಟು ಬೇರೆ ಬೇಡ ಎಂದು ಕೂತ ಗೆಳೆಯರಿಗಿಂತ ಮುಂಚೆ ನನ್ನ ಬಡ್ಡಿಯನ್ನು ನಾನೇ ಕಟ್ಟುವಂತಾಯಿತು.

ಆಫರ್ ಬಂದ ದಿನವೇ ಸಂಬಳ ಬಂತು ಎಂದುಕೊಳ್ಳಬೇಡಿ. ಮೊದಲು ತರಗತಿ, ಆಮೇಲೆ ಸಿಮ್ಯುಲೇಟರ್, ಆಮೇಲೆ ಟ್ರೈನರ್ ಜೊತೆ ಪ್ರಯಾಣಿಕರ ವಿಮಾನದಲ್ಲಿ ಹಾರಾಟ. ಅದೆಲ್ಲ ಮುಗಿಯುವವರೆಗೆ ಕೈಗೆ ಬರುವುದು ಕಡಿಮೆ. ಬಾಂಡಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು ಎಂದು ಓದಿ ಸಹಿ ಹಾಕಿ. ಸಹ ಪೈಲಟ್ ಕೆಲಸ ಬಿಡಲು ಆರು ತಿಂಗಳ ನೋಟಿಸ್ ಕೊಡಬೇಕೆಂಬ ನಿಯಮ 2017ರಿಂದ ಇದೆ.

ಸಾಲ ತೆಗೆದ ದಿನವೇ ಅಷ್ಟೇ ಮೊತ್ತಕ್ಕೆ ಟರ್ಮ್ ವಿಮೆ ಮಾಡಿಸಿ, ವಿಮಾನ ಹಾರಿಸುವುದನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ. ಜಾಮೀನು ಕೊಟ್ಟವರ ಆಸ್ತಿಗೆ ಅದೇ ಕಾವಲು. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಕಟ್ಟಿದ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಸಿಗುತ್ತದೆ, ಹೊಸ ಪದ್ಧತಿಯಲ್ಲಿ ಇಲ್ಲ. ಎರಡನ್ನೂ ಹಾಕಿ ನೋಡಿ ಆರಿಸಿಕೊಳ್ಳಿ. ನಾನು ಕಂತಿನ ಮೇಲೆ ಕೈಲಾದಷ್ಟು ಅಸಲಿಗೂ ಕಟ್ಟುತ್ತಿದ್ದೇನೆ. ಚಿಕ್ಕಪ್ಪನ ಮಗಳ ಮದುವೆಗೆ ಮೊದಲು ಸೈಟಿನ ಪತ್ರ ಬಿಡಿಸಿಕೊಡಬೇಕು.

ಹೋದ ವರ್ಷ ಐ.ಡಿ.ಹಳ್ಳಿ ಹೋಬಳಿಯಿಂದ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಪಿಯುಸಿಯಲ್ಲಿ ಫಿಸಿಕ್ಸು, ಗಣಿತ ಎರಡರಲ್ಲೂ ಒಳ್ಳೆಯ ಅಂಕ. ತೋಟ ಮಾರಿ ಫೀಸು ಕಟ್ಟಲು ಅಪ್ಪ ಸಿದ್ಧವಾಗಿದ್ದರು. ಮೇಲಿನ ಲೆಕ್ಕವನ್ನೆಲ್ಲ ಅವರ ಮುಂದೆ ಹಾಳೆಯ ಮೇಲೆ ಬರೆದೆ. ಮೊದಲು ಮೆಡಿಕಲ್ ಆಗಲಿ, ಅದು ಪಾಸಾಗುವವರೆಗೆ ಯಾವ ಶಾಲೆಗೂ ಒಂದು ರೂಪಾಯಿ ಕಟ್ಟಬೇಡಿ ಎಂದೆ. ಡಿಜಿಸಿಎ ಪರೀಕ್ಷೆಗಳಿಗೆ ವಿಮಾನ ಬೇಕಿಲ್ಲ, ಪುಸ್ತಕ ಬೇಕು, ಅವನ್ನು ಮನೆಯಲ್ಲಿದ್ದೇ ಓದಬಹುದು. ತೋಟ ಮಾರಲಿಲ್ಲ. ಹುಡುಗಿ ಈಗ ತುಮಕೂರಿನಲ್ಲಿ ಬಿಎಸ್ಸಿ ಓದುತ್ತಾ ಮೆಟಿಯರಾಲಜಿ ಪಾಸು ಮಾಡಿಕೊಂಡಿದ್ದಾಳೆ. ಕ್ಲಾಸ್ 2 ಮೆಡಿಕಲ್ ಆಗಿದೆ. ಕ್ಲಾಸ್ 1ಕ್ಕೆ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಮುಂದಿನ ತಿಂಗಳು ತಾರೀಖು ಸಿಕ್ಕಿದೆ. ಎರಡು ವರ್ಷದ ಬಡ್ಡಿಗೆಂದು ಅವರಪ್ಪ ಅಡಿಕೆ ದುಡ್ಡಿನಲ್ಲಿ ಆರ್‌ಡಿ ತೆರೆದಿದ್ದಾರೆ.