ಮಸೀದಿಯಲ್ಲಿ ಮಹಿಳೆಯ ಹಕ್ಕು

ಸ್ತ್ರೀವಾದವೆಂದರೆ ಪಾಶ್ಚಾತ್ಯರ ಗಾಳಿ ಎಂದು ತಳ್ಳಿಹಾಕುವ ಮುನ್ನ ಸಹೀಹ್ ಬುಖಾರಿಯನ್ನೊಮ್ಮೆ ನೋಡಿರಿ. ಅಲ್ಲಾಹನ ದಾಸಿಯರನ್ನು ಅವನ ಮಸೀದಿಗಳಿಂದ ತಡೆಯಬಾರದೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದರು. ಹಝ್ರತ್ ಉಮರ್‌(ರ)ರ ಪತ್ನಿ ಫಜ್ರ್ ಮತ್ತು ಇಶಾ ನಮಾಝಿಗೆ ಮಸೀದಿಗೆ ಹೋಗುತ್ತಿದ್ದರು. ಪತಿಗೆ ಅದು ಹಿಡಿಸುತ್ತಿರಲಿಲ್ಲ. ಆದರೂ ಆ ಆಜ್ಞೆಯಿದ್ದುದರಿಂದ ಅವರು ತಡೆಯಲಿಲ್ಲ.

ಮಹಿಳೆಯರ ಇದೇ ಹಕ್ಕಿನ ಪರವಾಗಿ ಮಾತಾಡಿದ್ದಕ್ಕೆ 2000ದಲ್ಲಿ ಹಾಸನದ ಲೇಖಕಿ ಬಾನು ಮುಷ್ತಾಕ್ ಸಾಮಾಜಿಕ ಬಹಿಷ್ಕಾರ ಅನುಭವಿಸಬೇಕಾಯಿತು! ಅವರ ಬರಹವನ್ನೆಲ್ಲ ಒಪ್ಪಲೇಬೇಕೆಂದಿಲ್ಲ. ಸ್ತ್ರೀಗೆ ಮನೆಯ ನಮಾಝೇ ಶ್ರೇಷ್ಠವೆಂಬ ಹದೀಸೂ ಇದೆ, ನಿಜ. ಆದರೆ ಅದನ್ನು ಮುಂದಿಟ್ಟು ಬಾಗಿಲು ಮುಚ್ಚಲು ನಮಗೆ ಅಧಿಕಾರವೆಲ್ಲಿದೆ?

ಹಳ್ಳಿಯಿಂದ ಮಾಲೂರು ಪೇಟೆಗೆ ಬಂದ ತಾಯಿ ಅಸರ್ ನಮಾಝನ್ನು ಎಲ್ಲಿ ನಿರ್ವಹಿಸಬೇಕು? ವುಝೂ ಮಾಡಲು ಒಂದು ನಲ್ಲಿ, ಪರದೆಯ ಮರೆಯಲ್ಲಿ ಚಾಪೆ ಹಾಸುವಷ್ಟು ಜಾಗ. ಮುಂದಿನ ಜಮಾಅತ್ ಸಭೆಯಲ್ಲಿ ಇಷ್ಟನ್ನು ಕೇಳಿರಿ.