ನಗರ ದಂಗೆ (1830–31): ಹೊಣೆ ಯಾರದು?

ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಕನ್ನಡಿಗರು ಮೈಸೂರು ಸಂಸ್ಥಾನದ ನಗರ ಪ್ರಾಂತ್ಯದ ಈ ದಂಗೆಯನ್ನು ಒಂದೇ ಸಾಲಿನಲ್ಲಿ ಕಲಿಯುತ್ತಾರೆ: ‘ಅರಸರ ದುರಾಡಳಿತ, ರೈತರ ಬಂಡಾಯ, ಬ್ರಿಟಿಷರ ಪ್ರವೇಶ’. ಇದು ಗೆದ್ದವರು ಬರೆದ ಸಾಲು.

ಕಂದಾಯದ ಹೊರೆ ಮತ್ತು ಅಮಲ್ದಾರರ ಸುಲಿಗೆಯಿಂದ ರೈತರು ಸಿಡಿದೆದ್ದದ್ದು ನಿಜ. ಬಂಡಾಯದ ಮುಖಂಡ ಬೂದಿ ಬಸಪ್ಪನಾಯಕ ಬಿದನೂರಿನ (ಅಂದರೆ ನಗರದ) ಗದ್ದುಗೆ ತನ್ನದೆಂದ. ಆದರೆ 1799ರ ಒಪ್ಪಂದದಂತೆ ಮೈಸೂರು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಿತ್ತು. ಆ ಹಣ ಬರುತ್ತಿದ್ದದ್ದೂ ಇದೇ ರೈತರಿಂದಲೇ ಎಂಬುದನ್ನು ಹಳೆಯ ವರದಿಗಳು ಒತ್ತಿ ಹೇಳುವುದಿಲ್ಲ. ದಂಗೆಯನ್ನು ಅಡಗಿಸಲು ಅರಸರ ಪಡೆಯ ಜೊತೆ ಕಂಪನಿಯ ಸೈನ್ಯವೂ ಇಳಿಯಿತು. 1831ರ ಜೂನ್‌ನಲ್ಲಿ ನಗರದ ಕೋಟೆ ಬಿತ್ತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡ. ದಂಗೆಯ ಕಾರಣ ತಿಳಿಯಲು ನೇಮಿಸಿದ ವಿಚಾರಣಾ ಸಮಿತಿ ವರದಿ ಕೊಟ್ಟದ್ದು ಆಮೇಲೆ, 1833ರಲ್ಲಿ. ಅರಸರ ಮೇಲಿನ ದೂರುಗಳು ಅತಿಯಾಗಿದ್ದವೆಂದು ಅದು ಕಂಡಿತು. ತೀರ್ಪು ಮೊದಲು, ವಿಚಾರಣೆ ನಂತರ! ಈ ಅನುಕ್ರಮವನ್ನು ಮರೆಯಬೇಡಿ.

ಎಲ್ಲ ತಪ್ಪನ್ನೂ ಪರಕೀಯರ ತಲೆಗೆ ಕಟ್ಟುವುದೂ ಅಷ್ಟೇ ತಪ್ಪು. ಹಾಗೆ ಬರೆದರೆ, ಸ್ವಂತ ಸರ್ಕಾರದ ಕೈಯಲ್ಲೇ ನೊಂದ ರೈತರ ದನಿ ಅಳಿಸಿಹೋಗುತ್ತದೆ.

ನೆನಪಿಡಿ: ಕಮಿಷನರ್ ಆಳ್ವಿಕೆ 1831–1881, ಕಮಿಷನರ್ ಮಾರ್ಕ್ ಕಬ್ಬನ್ 1834–1861, ಅಧಿಕಾರ ಮರಳಿ ಪಡೆದವರು ಹತ್ತನೆಯ ಚಾಮರಾಜ ಒಡೆಯರು.