ಕಾರ್ಖಾನೆ ಜಾಗದಲ್ಲಿ ಮನೆ: ಅಕ್ಕಪಕ್ಕದವರಿಗೂ ಹಕ್ಕಿದೆ

ಬೆಂಗಳೂರಿನ ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಕಡೆ ಈಗ ಮಾಲ್ ಇದೆ. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಊರಿಗೆ ಮನೆ ಬೇಕು, ನಿಜ. ಆದರೆ ಒಂದು ಶೆಡ್ ನೆಲಸಮವಾದರೆ ಲೇತ್ ಮಿಷನ್ನಿನ ಜೊತೆಗೆ ಅಲ್ಲಿಗೆ ನಡೆದುಕೊಂಡೇ ಬರುತ್ತಿದ್ದವರ ಅನ್ನವೂ ಹೋಗುತ್ತದೆ. ಇದು ಜಮೀನಿನ ಮಾಲೀಕರೂ ಬಿಲ್ಡರೂ ಕೂತು ಮುಗಿಸುವ ವ್ಯವಹಾರವಲ್ಲ.

ಯಾವ ಜಾಗ ಯಾವುದಕ್ಕೆ ಎಂಬುದನ್ನು ಮಾಸ್ಟರ್ ಪ್ಲಾನ್ ಹೇಳುತ್ತದೆ. ನಕ್ಷೆಯಲ್ಲಿ ವಾಸದ ವಲಯಕ್ಕೆ ಹಳದಿ, ಕೈಗಾರಿಕೆಗೆ ನೇರಳೆ ಬಣ್ಣ. ಈ ಬಣ್ಣ ಬದಲಾಗಬೇಕಾದರೆ ಸಾಮಾನ್ಯವಾಗಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನ ಷರತ್ತುಗಳನ್ನು ಪಾಲಿಸಬೇಕು: ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು, ಬೇರೆ ಕಾನೂನನ್ನು ಮೀರಬಾರದು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಆದರೆ ಅದೇ ಕಲಮಿನ 3ನೇ ಉಪಕಲಮಿನ ಪ್ರಕಾರ, ಕೈಗಾರಿಕೆಯಿಂದ ವಾಸಕ್ಕೆ ಅಥವಾ ವಾಣಿಜ್ಯಕ್ಕೆ ಬದಲಾಯಿಸುವವರು ನಿಗದಿತ ಶುಲ್ಕ ಕಟ್ಟಿ ಯೋಜನಾ ಪ್ರಾಧಿಕಾರಕ್ಕೆ ಮೊದಲೇ ತಿಳಿಸಿದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಲಾಗುತ್ತದೆ.

ಪ್ರಕಟಣೆ ಹೊರಟರೆ, ಒಳಪುಟದ ಮೂಲೆಯಲ್ಲಿ ಬರುವ ಆ ಸಣ್ಣಕ್ಷರವೇ ನಿಮ್ಮ ಅವಕಾಶ. ಅದರಲ್ಲಿರುವ ಸರ್ವೆ ನಂಬರ್ ಮತ್ತು ಗಡುವನ್ನು ಬರೆದಿಟ್ಟುಕೊಳ್ಳಿ. ಬರೀ 'ವಿರೋಧವಿದೆ' ಎಂದರೆ ಅರ್ಜಿಗೆ ತೂಕ ಬರುವುದಿಲ್ಲ. ರಸ್ತೆ ಎಷ್ಟು ಅಡಿ, ಒಳಚರಂಡಿ ಈಗಲೇ ಉಕ್ಕುತ್ತಿದೆಯೇ, ಸುತ್ತ ಎಷ್ಟು ವರ್ಕ್‌ಶಾಪುಗಳಿವೆ ಎಂಬುದನ್ನು ಫೋಟೊ ಸಮೇತ ಬರೆಯಿರಿ. ಪೂರ್ತಿ ಬೇಡವೆನ್ನಲೇಬೇಕಿಲ್ಲ, ಒಂದು ಭಾಗವನ್ನು ಸಣ್ಣ ಉದ್ಯಮಕ್ಕೆ ಉಳಿಸಿ ಎಂದೂ ಕೇಳಬಹುದು. ನನಗಂತೂ ಅದೇ ನ್ಯಾಯವಾದ ಬೇಡಿಕೆ ಅನ್ನಿಸುತ್ತದೆ. ಯೋಜನಾ ಪ್ರಾಧಿಕಾರದ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

'ಕೇಳಲು ನೀವ್ಯಾರು?' ಎಂದರೆ ಬಿ.ಎಸ್. ಮುದ್ದಪ್ಪ ಪ್ರಕರಣವನ್ನು ನೆನಪಿಸಿ. ರಾಜಮಹಲ್ ವಿಲಾಸ್ ಬಡಾವಣೆಯ ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂದಿತು.

ಫ್ಲ್ಯಾಟ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. 'ಡಿಸಿ ಕನ್ವರ್ಷನ್ ಆಗಿದೆ' ಎಂದರೆ ಕೃಷಿ ಭೂಮಿ ಕೃಷಿಯೇತರವಾಗಿದೆ ಎಂದಷ್ಟೇ ತಿಳಿಯಬೇಡಿ, ಯಾವ ಉದ್ದೇಶಕ್ಕೆ ಎಂದೂ ಆದೇಶದಲ್ಲಿ ನೋಡಿ. ಮಾಸ್ಟರ್ ಪ್ಲಾನಿನಲ್ಲಿ ಅದು ಯಾವ ವಲಯ ಎಂದು ಬೇರೆಯಾಗಿಯೇ ಪರೀಕ್ಷಿಸಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಾಸದ ಪ್ರದೇಶಕ್ಕೆ ಮಿತಿ 45 ಡೆಸಿಬೆಲ್, ಕೈಗಾರಿಕಾ ಪ್ರದೇಶಕ್ಕೆ 70. ಕೈಗಾರಿಕಾ ಪ್ರದೇಶವೆಂದು ಗುರುತಾದ ಕಡೆ ಮನೆ ಮಾಡಿ, ಪಕ್ಕದ ಪವರ್ ಪ್ರೆಸ್ ಸದ್ದಿನ ಮೇಲೆ ದೂರು ಕೊಟ್ಟರೆ ನಿಮಗೆ ಅನ್ವಯಿಸುವುದು ಆ 70ರ ಮಿತಿಯೇ.

ಕಡತ ನೋಡಬೇಕೆಂದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ; 30 ದಿನಗಳೊಳಗೆ ಉತ್ತರ ಕೊಡಬೇಕು. ಪ್ರಕಟಣೆ ಕಡ್ಡಾಯವಿದ್ದೂ ಆಕ್ಷೇಪಣೆ ಕೇಳದೆಯೇ ಬದಲಾವಣೆ ಮಾಡಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ವಕೀಲರ ಖರ್ಚಿಗೆ ಹೆದರಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ, ಗಡುವು ಮುಗಿಯುವ ಮೊದಲೇ.